ಸಹಾಯ ಬೇಕು: ಹುಬ್ಬಳ್ಳಿಯಿಂದ ಮುಲ್ಕಿ, ವಾಪಸ್ ಕಾಡಿನ ದಾರಿ
ನಮಸ್ಕಾರ್ರೀ. ಡಿಸೆಂಬರ್‌ನಲ್ಲಿ 5 ದಿನ ರಜೆ ಇದೆ. ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿದು ಅಂಕೋಲಾ, ಗೋಕರ್ಣ, ಆಮೇಲೆ ಹೆದ್ದಾರಿ 66 ಹಿಡಿದು ಮುಲ್ಕಿಗೆ ಹೋಗುತ್ತೇವೆ. ಮಗಳಿಗೆ ಸರ್ಫಿಂಗ್ (ಹಲಗೆ ಮೇಲೆ ನಿಂತು ಅಲೆ ಸವಾರಿ) ಹುಚ್ಚು. ಉಣಕಲ್ ಕೆರೆ ಬಿಟ್ಟರೆ ದೊಡ್ಡ ನೀರು ನೋಡಿದವಳೇ ಅಲ್ಲ! ಈಜು ಅಷ್ಟಕ್ಕಷ್ಟೇ. ಮುಲ್ಕಿ, ಸಸಿಹಿತ್ಲು ಕಡೆ 11 ವರ್ಷದವರಿಗೆ ಕಲಿಸುತ್ತಾರಾ? ಬೋರ್ಡು ಅವರೇ ಕೊಡುತ್ತಾರಾ?

ವಾಪಸ್ ಆಗುಂಬೆ, ತೀರ್ಥಹಳ್ಳಿ, ಸಾಗರ, ಶಿರಸಿ, ಮುಂಡಗೋಡ ಮೇಲೆ. ನನ್ನದು ಹಳೇ ಆಲ್ಟೊ. ಹೋದ ಸಲ ಅರಬೈಲ್ ಹತ್ತುವಾಗ ಲಾರಿ ಹಿಂದೆ ಸಿಕ್ಕಿ ಇಂಜಿನ್ ಕಾದು, ಕುಡಿಯುವ ನೀರೆಲ್ಲ ರೇಡಿಯೇಟರ್ ಪಾಲಾಯಿತು. ನಾವು ಬರೀ ಕಟಕ್ ರೊಟ್ಟಿ, ಶೇಂಗಾ ಚಟ್ನಿ ತಿಂದು ಕೂತಿದ್ದೆವು. ಆಗುಂಬೆಯ 14 ತಿರುವು ಈ ಕಾರು ಏರುತ್ತಾ? ಇಲ್ಲಾ ಹುಲಿಕಲ್ ಘಾಟಿನೇ ವಾಸಿನಾ? ಹೋಗಿ ಬಂದವರು ಹೇಳ್ರಿ.