ಪಾಲಕ್-ಚೀಸ್ ಪಲ್ಯ ನೀರ ಬಿಡಾಕತ್ತೈತಿ, ಚೀಸೂ ಗಂಟಾಗ್ತೈತಿ

ಉಣಕಲ್ಲ ಅಡಗಿಮನಿ:
ಪಾಲಕ್ ಹೆಚ್ಚಿ ಬೆಣ್ಣಿಯೊಳಗ ಬಾಡಿಸಿ, ಉಪ್ಪು ಹಾಕಿ ಮುಚ್ಚಿಟ್ಟು, ಆಮ್ಯಾಲ ಮೈದಾ 2 ಚಮಚ, ಹಾಲು ಅರ್ಧ ಲೀಟರ್, ಮೊಝರೆಲ್ಲಾ 100 ಗ್ರಾಂ ಹಾಕಿ ಕುದಿಸಿದ್ರ ಮೊದಲ ಚಂದ ಕಾಣ್ತೈತಿ. ಹತ್ತ ನಿಮಿಷಕ್ಕ ಸುತ್ತಲೂ ಹಸರ ನೀರು, ನಡುವ ರಬ್ಬರಿನಂಥಾ ಉಂಡಿ. ಬಣ್ಣಾನೂ ಮಂಕ. ಎಂಟು ಮಂದಿಗೆ, ರೊಟ್ಟಿ ಜೋಡಿ ಹಚ್ಚಿಕೊಳ್ಳಾಕ ಬೇಕು. ತಪ್ಪು ಎಲ್ಲೈತಿ?

ಸಾಧನಕೇರಿ:
ಪಾಲಕ್ಕಿನ ನೀರೆಲ್ಲಾ ಪಲ್ಯದಾಗ ಉಳದೈತಿ, ಅದ ಮೂಲ. ಸೋಸಿದ ಎಲಿ 1 ಕಿಲೋ ತಗೊಳ್ರಿ. ದೊಡ್ಡ ಪಾತೇಲಿಯೊಳಗ ನೀರು ಕುದಿಸಿ, ಮುಚ್ಚಳ ಇಲ್ಲದ ಒಂದ ನಿಮಿಷ ಅದ್ದಿ ತಣ್ಣೀರಿಗೆ ಹಾಕ್ರಿ. ಮುಚ್ಚಿದ್ರ ಎಲಿಯೊಳಗಿನ ಹುಳಿ ಅಲ್ಲೇ ಉಳದು ಹಸರ ಬಣ್ಣ ಕೆಡಸ್ತೈತಿ. ಆಮ್ಯಾಲ ಬಟ್ಟಿಯೊಳಗ ಕಟ್ಟಿ, ಹನಿ ನಿಲ್ಲೂತನಕ ಹಿಂಡ್ರಿ. ಅರ್ಧಕ್ಕಿಂತ ಕಡಿಮಿ ಉಳಿತೈತಿ, ಗಾಬರಿ ಬ್ಯಾಡ. ಹಿಂಡಿದ ಮ್ಯಾಲ ಹೆಚ್ರಿ, ಮೊದಲಲ್ಲ.

ಸಾಸಿಗೆ ಬೆಣ್ಣಿ 50 ಗ್ರಾಂ, ಮೈದಾ 40 ಗ್ರಾಂ, ಹಾಲು 500 ಮಿಲಿ. ಒಂದ ಉಳ್ಳಾಗಡ್ಡಿ, ನಾಕ ಎಸಳ ಬಳ್ಳೊಳ್ಳಿ ಸಣ್ಣ ಉರಿಯೊಳಗ ಕೆಂಪಾಗದಂಗ ಬಾಡಿಸಿ ಮೈದಾ ಹಾಕಿ ಎರಡ ನಿಮಿಷ ಹುರೀರಿ. ಇಲ್ಲಾಂದ್ರ ಹಸಿ ವಾಸನಿ ಹೋಗಂಗಿಲ್ಲ. ಹಾಲು ಮೊದಲ ಸ್ವಲ್ಪ ಸ್ವಲ್ಪ ಹಾಕಿ ಕಲಸ್ರಿ, ಗಂಟು ಒಡದ ಮ್ಯಾಲ ಉಳದದ್ದು. ಐದ ನಿಮಿಷ ಸಣ್ಣಗ ಕುದ್ದು ಚಮಚದ ಬೆನ್ನಿಗೆ ಹತ್ತಬೇಕು. ಉರಿ ಆರಿಸಿ ಚೀಸ್, ಕಡೀಕ ಪಾಲಕ್. ಜಾಯಿಕಾಯಿ ಒಂದ ಚಿಟಿಕಿ ಸಾಕು. ಉಪ್ಪು ರುಚಿ ನೋಡಿ ಹಾಕ್ರಿ, ಚೀಸಿನಾಗ ಮೊದಲ ಐತಿ.

ಗದಗ ರೊಟ್ಟಿಬುಟ್ಟಿ:
ಚೀಸಿನ ಮಾತು ಬ್ಯಾರೆ. ಮೊಝರೆಲ್ಲಾ ಎಳಿ ಬಿಡೋ ಚೀಸು, ಕುದಿಯೋ ಸಾಸಿನಾಗ ಬಿಗಿದು ಉಂಡಿ ಆಗ್ತೈತಿ. ಪ್ರೊಸೆಸ್ಡ್ ಚೀಸಿನಾಗ ಜಿಡ್ಡು-ನೀರು ಬಿಡದಂಗ ಹಿಡಿಯೋ ಲವಣ ಇರ್ತಾವು, ಅದಕ ನುಣ್ಣಗ ಕರಗ್ತೈತಿ. ಅದು 80 ಗ್ರಾಂ ತುರದು ಮೂರ ಸಲಕ ಹಾಕ್ರಿ. ಮೊಝರೆಲ್ಲಾ 30 ಗ್ರಾಂ ಮ್ಯಾಲ ಉದುರಿಸಾಕ ಇಟಗೊಳ್ರಿ. ಪನೀರು ಈ ಕೆಲಸಕ್ಕಲ್ಲ. ಹುಳಿ ಹಾಕಿ ಒಡದಿದ್ದು, ಎಷ್ಟ ಕಾಸಿದ್ರೂ ಕರಗಂಗಿಲ್ಲ.

ಹಾವೇರಿ ತಪ್ಪಲ:
ಎಮ್ಮಿ ಹಾಲಿದ್ರ ಕ್ರೀಮ್ ಖರ್ಚು ಯಾಕ್ರೀ? ಜಿಡ್ಡು ಅದರಾಗ ಬೇಕಾದಷ್ಟು. ಪಾಲಕ್ ಸಿಗದಿದ್ರ ರಾಜಗಿರಿ ನಡೀತೈತಿ, ದಂಟು ತಗದು ಮೂರ ನಿಮಿಷ ಅದ್ರಿ. ಮೆಂತ್ಯ ಕಾಲಭಾಗ ಮಾತ್ರ, ಹೆಚ್ಚಾದ್ರ ಕಹಿ ಚೀಸನ್ನ ಮುಚ್ಚತೈತಿ. ಪುಂಡಿ, ಹುಣಚಿಕ್ಕಿ ಮಾತ್ರ ಹತ್ತರ ತರಬ್ಯಾಡ್ರಿ, ಹಾಲು ಒಡಸ್ತಾವು. ಮೈದಾ ಬದಲ ಜೋಳದ ಹಿಟ್ಟು ಹಾಕಿದ್ರ ಮಂದ ಆಗ್ತೈತಿ, ಖರೆ ನಾಲಿಗಿಗೆ ರವಾ ರವಾ. ಮ್ಯಾಲ ತುಪ್ಪದಾಗ ಮುರದ ಬ್ಯಾಡಗಿ ಮೆಣಸಿನಕಾಯಿ ಒಗ್ಗರಣಿ ಕೊಡ್ರಿ. ಖಾರಕ್ಕಿಂತ ಬಣ್ಣಾನ ಜಾಸ್ತಿ.

ಉಣಕಲ್ಲ ಅಡಗಿಮನಿ:
ಹಿಂದಿನ ದಿನಾನ ಮಾಡಿಡಬಹುದಾ? ಮತ್ತ ಈಗ ನೀರಾಗಿರೋದನ್ನ ಉಳಸೋದು ಹ್ಯಾಂಗ?

ಸಾಧನಕೇರಿ:
ಸಾಸ್ ಬ್ಯಾರೆ, ಹಿಂಡಿದ ಪಾಲಕ್ ಬ್ಯಾರೆ ಫ್ರಿಡ್ಜಿನಾಗ ಇಡ್ರಿ. ಸಾಸ್ ಗಟ್ಟಿ ಆಗಿರ್ತೈತಿ. ನಾಕ ಚಮಚ ಬಿಸಿ ಹಾಲು ಹಾಕಿ ಸಣ್ಣ ಉರಿಯೊಳಗ ಸಡಲಿಸಿ ಕೂಡಸ್ರಿ. ನೀರಾಗಿದ್ದಕ್ಕ ಮೆತ್ತನ ಬೆಣ್ಣಿ, ಮೈದಾ ಒಂದೊಂದ ಚಮಚ ನಾದಿ ಪಲ್ಯಕ್ಕ ಹಾಕಿ ಮೂರ ನಿಮಿಷ ಕುದಸ್ರಿ. ರಬ್ಬರ್ ಆದ ಮೊಝರೆಲ್ಲಾ ತಿರುಗಿ ನುಣ್ಣಗಾಗಂಗಿಲ್ಲ, ಅದನ್ನ ಆರಿಸಿ ತಗೀರಿ.