ಪುಟ್ಟನಿಗೆ: ಗ್ರೀನ್ ಲ್ಯಾಂಟರ್ನ್ ಕೆಜಿಎಫ್ ಗಣಿಗೆ ಇಳಿದರೆ?

ಪುಟ್ಟ, ನಿನ್ನ ಪ್ರಶ್ನೆ ಈಗ ನೋಡಿದೆ. ಗ್ರೀನ್ ಲ್ಯಾಂಟರ್ನ್, ಅದೇ ಉಂಗುರದ ಹಸಿರು ಬೆಳಕಿನಿಂದ ಬೇಕಾದ್ದನ್ನು ಮೂಡಿಸೋ ಕಾಮಿಕ್ಸ್ ಹೀರೋ, ನಮ್ಮ ಕೆಜಿಎಫ್ ಗಣಿಗೆ ಇಳಿದರೆ ಉಳಿದಿರೋ ಚಿನ್ನವನ್ನೆಲ್ಲ ಒಂದೇ ದಿನದಲ್ಲಿ ಎತ್ತಿಬಿಡುತ್ತಾನಾ ಅಂತ ಕೇಳಿದ್ದೀಯ. ನಿಮ್ಮಕ್ಕ "ಆಗಲ್ಲ, ಚಿನ್ನ ಹಳದಿ, ಆ ಉಂಗುರಕ್ಕೆ ಹಳದಿ ಆಗಿಬರಲ್ಲ" ಅಂದಿದ್ದಾಳೆ. ಮಾವ "ಬಣ್ಣಕ್ಕೆ ಹೆದರೋ ಉಂಗುರ ಎಂಥ ಉಂಗುರ" ಅಂತ ಬರೆದಿದ್ದಾರೆ. ವಾಯ್ಸ್ ಮೆಸೇಜ್ ಹಾಕೋಣ ಅಂದರೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಒಂದೇ ಗಲಾಟೆ. ಅದಕ್ಕೆ ಮಾತಾಡಿದ ಹಾಗೇ ಟೈಪ್ ಮಾಡುತ್ತಿದ್ದೇನೆ. ಉದ್ದ ಆಗುತ್ತೆ, ಪೂರ್ತಿ ಓದು.

ಮೊದಲು, ಯಾವ ಲ್ಯಾಂಟರ್ನ್ ಅನ್ನೋದು ಮುಖ್ಯ, ಆ ಹೆಸರಿನ ಹೀರೋಗಳು ಹಲವರಿದ್ದಾರೆ. 1940ರಲ್ಲಿ ಬಂದ ಮೊದಲನೆಯವನು ಅಲನ್ ಸ್ಕಾಟ್. ಅವನ ಉಂಗುರಕ್ಕೆ ಹಳದಿ ಏನೂ ಮಾಡಲ್ಲ, ಮರ ಕಂಡರೆ ಕೆಲಸ ನಿಲ್ಲುತ್ತೆ. ಹಳೆಯ ಗಣಿಗಳಲ್ಲಿ ಚಾವಣಿಗೆ ಮರದ ದಿಮ್ಮಿಗಳನ್ನೇ ಆಸರೆ ಕೊಡುತ್ತಿದ್ದರು. ಅದರಲ್ಲಿ ಒಂದು ಮುರಿದು ತಲೆ ಮೇಲೆ ಬಿದ್ದರೂ ಅವನ ಕಥೆ ಮುಗಿಯಿತು. ನೀನು ಹೇಳೋದು 1959ರಲ್ಲಿ ಬಂದ ಹಾಲ್ ಜೋರ್ಡನ್ ಬಗ್ಗೆ, ಅಲ್ವಾ? ಹಳದಿಯ ತಾಪತ್ರಯ ಇರೋದು ಅವನಿಗೆ.

ಅಕ್ಕನ ಮಾತು ನಿಜ. ಆದರೆ ನಮ್ಮ ಚಿನ್ನ ಗಣಿಯೊಳಗೆ ಹಳದಿಯಾಗಿ ಇರೋದು ತುಂಬಾ ಅಪರೂಪ. ಕಪ್ಪು ಬಂಡೆ, ಅದರ ನಡುವೆ ಬಿಳಿ ಬೆಣಚು ಕಲ್ಲಿನ ಪಟ್ಟಿ. ಆ ಪಟ್ಟಿಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಚಿನ್ನ ಸೇರಿಕೊಂಡಿರುತ್ತೆ. ಗಣಿಯ ಕೊನೆಯ ದಿನಗಳಲ್ಲಿ ಒಂದು ಟನ್ ಕಲ್ಲು ಒಡೆದರೆ ಕೆಲವೇ ಗ್ರಾಂ ಸಿಗುತ್ತಿತ್ತು. ಆ ಕಲ್ಲನ್ನು ಎತ್ತೋಕೆ ಉಂಗುರಕ್ಕೆ ಏನು ಅಡ್ಡಿ? ಮೇಲೆ ತಂದು, ಹಿಟ್ಟಿನ ಹಾಗೆ ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನವನ್ನು ಕರಗಿಸುತ್ತಾರೆ. ಆಗ ಅದಕ್ಕೆ ಬಣ್ಣವೇ ಇರಲ್ಲ. ಆ ನೀರಿಗೆ ಸತುವಿನ ಪುಡಿ ಹಾಕಿದರೆ ಚಿನ್ನ ಕಪ್ಪು ಕೆಸರಾಗಿ ಬೇರೆಯಾಗುತ್ತೆ. ಆಗಲೂ ಹಳದಿ ಇಲ್ಲ. ಕುಲುಮೆಯಲ್ಲಿ ಕಾಸಿ ಗಟ್ಟಿ ಎರೆದ ಮೇಲೆ ನೋಡು, ಆಗ ಹಾಲ್ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು.

ಅಲ್ಲೂ ದಾರಿ ಇದೆ. ಉಂಗುರದ ಬೆಳಕು ಹಳದಿಯನ್ನು ನೇರವಾಗಿ ಮುಟ್ಟೋಕೆ ಆಗಲ್ಲ, ಅಷ್ಟೇ. ಕಬ್ಬಿಣದ ಚಿಮಟವನ್ನು ಎತ್ತಬಹುದು, ಆ ಚಿಮಟ ಗಟ್ಟಿಯನ್ನು ಹಿಡಿಯಬಹುದು. ಹಳೆಯ ಕಥೆಗಳಲ್ಲಿ ಹಾಲ್ ಎಷ್ಟೋ ಸಲ ಹೀಗೇ ತಪ್ಪಿಸಿಕೊಂಡಿದ್ದಾನೆ. ಮಾವ, ಬಣ್ಣಕ್ಕೆ ಹೆದರೋದು ಅಂದಿರಲ್ಲ, ಬರೆಯೋರಿಗೂ ಅದು ಇಕ್ಕಟ್ಟಾಗಿತ್ತೇನೋ. 2004ರಲ್ಲಿ ಶುರುವಾದ ಕಥೆಯಲ್ಲಿ ಹಳದಿ ಅಂದರೆ ಭಯ, ಅದರ ಮೂಲ ಪ್ಯಾರಲಾಕ್ಸ್ ಅನ್ನೋ ಜೀವಿ ಅಂತ ಮಾಡಿದರು. ಹಾಕಿಕೊಂಡವನು ತನ್ನ ಭಯವನ್ನು ಗುರುತಿಸಿ ಮೀರಿದರೆ ಹಳದಿ ಮೇಲೂ ಉಂಗುರ ನಡೆಯುತ್ತೆ. ನನಗೆ ಇದು ತುಂಬಾ ಇಷ್ಟ.

ಆದರೆ ಪುಟ್ಟ, ನನ್ನ ಪ್ರಕಾರ ಹಳದಿ ಸಣ್ಣ ವಿಷಯ. ಆ ಉಂಗುರದ ನಿಜವಾದ ಮಿತಿ ಹಾಕಿಕೊಂಡವನ ಮನಸ್ಸು. ಅವನು ಏನು ಊಹಿಸುತ್ತಾನೋ ಅದೇ ಹಸಿರು ಬೆಳಕಿನಲ್ಲಿ ಮೂಡುತ್ತೆ, ಅವನ ಹಟ ಇರೋವರೆಗೆ ನಿಲ್ಲುತ್ತೆ. ಗಮನ ತಪ್ಪಿತೋ, ಪ್ರಜ್ಞೆ ತಪ್ಪಿತೋ, ಎಲ್ಲಾ ಮಾಯ. ಗಣಿಯಲ್ಲಿ ಇದು ಎಷ್ಟು ಅಪಾಯ ಯೋಚಿಸು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಅಷ್ಟು ಆಳದಲ್ಲಿ ಬಂಡೆಯೇ ಸುಡುತ್ತೆ. ಮೇಲಿನ ಭಾರಕ್ಕೆ ಬಂಡೆ ಇದ್ದಕ್ಕಿದ್ದ ಹಾಗೆ ಸಿಡಿಯುತ್ತೆ, ಅದನ್ನೇ ರಾಕ್ ಬರ್ಸ್ಟ್ ಅನ್ನೋದು. ತಾತ ಹೇಳುತ್ತಿದ್ದರು, ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಇಳಿಯುವಾಗ ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲ ಅಂತ. ಅಂಥ ಕಡೆ ಹಾಲ್ ಒಂದು ಹಸಿರು ಕಂಬ ನಿಲ್ಲಿಸಿದ ಅಂದುಕೋ. ಅವನು ಒಂದು ಕ್ಷಣ ಬೇರೆ ಕಡೆ ಗಮನ ಕೊಟ್ಟರೆ ಆ ಕಂಬವೇ ಇರಲ್ಲ, ಅದರ ಕೆಳಗೆ ಜನ ಇರುತ್ತಾರೆ. ತಾತನ ಜೊತೆಯವರು ಕಲ್ಲು ಜೋಡಿಸಿ ಕಟ್ಟಿದ ಆಸರೆ ಅವರು ಮನೆಗೆ ಬಂದು ಮಲಗಿದ ಮೇಲೂ ನಿಂತೇ ಇರುತ್ತಿತ್ತು.

ಗಣಿಗೆ ಕಳಿಸೋದಾದರೆ ನಾನು ಹಾಲ್‌ನನ್ನು ಕಳಿಸಲ್ಲ, ಜಾನ್ ಸ್ಟೀವರ್ಟ್‌ನನ್ನು ಕಳಿಸುತ್ತೇನೆ. 1971ರಲ್ಲಿ ಬಂದವನು, ಆರ್ಕಿಟೆಕ್ಟ್. ಅವನು ಉಂಗುರದಿಂದ ಏನು ಮಾಡಿದರೂ ಹೊರಗಿನ ಆಕಾರದ ಜೊತೆ ಒಳಗಿನ ನಟ್ಟು ಬೋಲ್ಟಿನವರೆಗೂ ಯೋಚಿಸಿ ಕಟ್ಟುತ್ತಾನೆ. ಭಾರ ಎಲ್ಲಿ ಬೀಳುತ್ತೆ, ಎಲ್ಲಿ ಹಂಚಬೇಕು ಅನ್ನೋದು ಅವನಿಗೆ ಗೊತ್ತು. ಇಬ್ಬರ ಕೈಯಲ್ಲೂ ಒಂದೇ ಥರದ ಉಂಗುರ, ಆದರೆ ಕೆಲಸ ಎಷ್ಟು ಬೇರೆ ನೋಡು.

ಇನ್ನು "ಒಂದೇ ದಿನ" ಅಂದೆಯಲ್ಲ. ಹಾಲ್‌ನ ಹಳೆಯ ಉಂಗುರಕ್ಕೆ ಒಂದು ಸಲ ಚಾರ್ಜ್ ಮಾಡಿದರೆ 24 ಗಂಟೆ. ಆಮೇಲೆ ಅದಕ್ಕೆ ಶಕ್ತಿ ಕೊಡೋ ಹಸಿರು ಲಾಟೀನಿನ ಮುಂದೆ ಹಿಡಿದು ಪ್ರತಿಜ್ಞೆ ಹೇಳಿ ಮತ್ತೆ ತುಂಬಿಸಬೇಕು. ಗಣಿ ಮುಚ್ಚಿದ್ದು 2001ರಲ್ಲಿ. ಪಂಪುಗಳು ನಿಂತ ಮೇಲೆ ಶಾಫ್ಟುಗಳಲ್ಲಿ, ಅಂದರೆ ಕೆಳಕ್ಕೆ ಇಳಿಯೋ ಬಾವಿಯಂಥ ದಾರಿಗಳಲ್ಲಿ, ನೀರು ತುಂಬಿಕೊಂಡಿದೆ. ಕಿಲೋಮೀಟರುಗಟ್ಟಲೆ ಸುರಂಗದ ನೀರನ್ನು ಮೊದಲು ಮೇಲೆತ್ತಬೇಕು. ಎತ್ತಿದ್ದನ್ನು ಎಲ್ಲಿ ಬಿಡೋದು ಅಂತ ತೀರ್ಮಾನ ಆಗೋವರೆಗೂ ಗಾಳಿಯಲ್ಲಿ ಹಿಡಿದುಕೊಂಡೇ ಇರಬೇಕು. 24 ಗಂಟೆ ಮುಗಿದರೆ ಅಷ್ಟೂ ನೀರು ವಾಪಸ್ ಒಳಕ್ಕೆ.

ಅಕ್ಕನ ಲೆಕ್ಕದಲ್ಲಿ ಹಾಲ್ ಸೋಲೋದು ಕೊನೆಗೆ, ಚಿನ್ನದ ಗಟ್ಟಿ ಮುಂದೆ. ನನ್ನ ಲೆಕ್ಕದಲ್ಲಿ ಅವನು ಚಿನ್ನದ ಹತ್ತಿರಕ್ಕೂ ಹೋಗಲ್ಲ, ನೀರಿನಲ್ಲೇ ದಿನ ಕಳೆದುಹೋಗುತ್ತೆ. ಜಾನ್ ಆದರೆ ಏನು ಮಾಡುತ್ತಾನೆ ಅಂತ ನೀನು ಯೋಚಿಸಿ ಬರೆ. ರೈಲು ಬಂತು, ಹತ್ತುತ್ತೇನೆ.