ಟೆಂಪರೇಚರ್ ಮುಳ್ಳು ಒಮ್ಮೆಲೇ ಎಚ್‌ಗೆ ಏರುತ್ತದೆ, ಮೀಟರ್ ಬೋರ್ಡ್ ಬದಲಿಸಬೇಕಾ? ಅನುಭವ ಇದ್ದವರು ಹೇಳಿ

ವಿಜಯಪುರದಿಂದ ಕೇಳಿದವರು: ನಮ್ಮದು 2012ರ ಪೆಟ್ರೋಲ್ ಕಾರು. 94,000 ಕಿ.ಮೀ. ಓಡಿದೆ. ವಾರಕ್ಕೆ ಎರಡು ಸಲ ಬಾಗಲಕೋಟೆಗೆ ಹೋಗಿ ಬರುತ್ತೇನೆ. ಕೊಲ್ಹಾರ ಸೇತುವೆ ಹತ್ತಿರ ಬರುವಷ್ಟರಲ್ಲಿ ಮುಳ್ಳು ಎಚ್‌ಗೆ ಹಾರುತ್ತದೆ, ನಿಲ್ಲಿಸಿ ಬಾನೆಟ್ ಎತ್ತಿದರೆ ಉಗಿ ಇಲ್ಲ, ಏನಿಲ್ಲ. ರಾತ್ರಿ ಹೆಡ್‌ಲೈಟ್ ಹಾಕಿದರೆ ಪೆಟ್ರೋಲ್ ಮುಳ್ಳೂ ಅಲುಗಾಡುತ್ತದೆ. ಬ್ಯಾಟರಿ ಲೈಟು ಮಂಕಾಗಿ ಉರಿಯುತ್ತದೆ. ಗ್ಯಾರೇಜಿನವರು ಮೀಟರ್ ಬೋರ್ಡೇ ಹೋಗಿದೆ, 14,000 ಆಗುತ್ತೆ ಅಂತಾರೆ. ಏನು ಮಾಡಲಿ?

ಇಂಡಿ ರೋಡ್: ಸರ್, ದುಡ್ಡು ಕೊಡಬೇಡಿ! ಹೋದ ಬೇಸಿಗೆಯಲ್ಲಿ ನನಗೂ ಇದೇ ಆಯಿತು. ಮೊದಲು ಸೆನ್ಸಾರ್ ಬದಲಿಸಿದರು, 650. ಹೋಗಲಿಲ್ಲ. ಆಮೇಲೆ ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾದ ಮೇಲೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) 1,400, ಮಜೂರಿ 500, ಕೂಲಂಟ್ 780. ಅದಕ್ಕೂ ಬಗ್ಗಲಿಲ್ಲ. ಕೊನೆಗೆ ಸೊಲ್ಲಾಪುರದಿಂದ ಹಳೆಯ ಮೀಟರ್ ಬೋರ್ಡ್ ತರಿಸಿದರು, 6,500. ಹಾಕಿದ ಮೂರನೇ ದಿನ ಮತ್ತೆ ಮುಳ್ಳು ಮೇಲೆ. ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಕಾಕಾ ಬಂದು, ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ಥಿಂಗ್ ವೈರಿನ ಬೋಲ್ಟ್ ಬಿಚ್ಚಿ, ಜಂಗು ಉಜ್ಜಿ, ಬಿಗಿ ಮಾಡಿದರು. 150 ರೂಪಾಯಿ ತಗೊಂಡರು. ಅವತ್ತಿನಿಂದ ಮುಳ್ಳು ಅಲ್ಲಾಡಿಲ್ಲ. ಒಟ್ಟು 9,830 ಸುಮ್ನೆ ಹೋಯಿತು. ಈಗಲೂ ಆ ಬಿಲ್ಲು ನೋಡಿದರೆ ಹೊಟ್ಟೆ ಉರಿಯುತ್ತದೆ. ಎರಡು ಮುಳ್ಳು ಒಟ್ಟಿಗೆ ಕುಣಿದರೆ, ಅದೂ ಲೈಟ್ ಹಾಕಿದಾಗ, ಮೊದಲು ಅರ್ಥಿಂಗ್ ನೋಡಬೇಕು.

ನವನಗರ, ಬಾಗಲಕೋಟೆ: ನಮ್ಮ ಬಿಸಿಲಿಗೆ ಥರ್ಮೋಸ್ಟ್ಯಾಟೇ ಬೇಡ ರೀ. ನಾನು ಐದು ವರ್ಷದ ಹಿಂದೆಯೇ ತೆಗೆಸಿ ಬಿಸಾಡಿದ್ದೇನೆ. ಏಪ್ರಿಲ್‌ನಲ್ಲಿ 42 ಡಿಗ್ರಿ ಇದ್ದಾಗಲೂ ಏಸಿ ಹಾಕಿಕೊಂಡು ಇಳಕಲ್‌ವರೆಗೆ ಹೋಗಿದ್ದೇನೆ, ಮುಳ್ಳು ಅರ್ಧ ದಾಟಿಲ್ಲ. ಖರ್ಚು ಬರೀ 200. ಕೂಲಂಟ್ ಕೂಡ ಹಾಕಲ್ಲ, ನೀರೇ ಸಾಕು.

ಟಿಳಕವಾಡಿ, ಬೆಳಗಾವಿ: ಇಂಥ ಸಲಹೆ ಕೇಳಿಯೇ ನನ್ನ ಎಂಜಿನ್ ಹಾಳಾಗಿದ್ದು. ಥರ್ಮೋಸ್ಟ್ಯಾಟ್ ತೆರೆಯುವುದೇ 82, 88 ಡಿಗ್ರಿ ಆಸುಪಾಸಿನಲ್ಲಿ. ಅದಿಲ್ಲದಿದ್ದರೆ ಎಂಜಿನ್ ಸರಿಯಾಗಿ ಬಿಸಿಯಾಗಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಚೆಕ್ ಎಂಜಿನ್ ಲೈಟ್ ಬರುತ್ತದೆ. ಅದನ್ನು ತೆಗೆಸಿದ ಮೇಲೆ ನನಗೆ ಪಿ0128, ಅಂದರೆ ಎಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ ಅನ್ನುವ ಕೋಡ್ ಬಂತು, ಮೈಲೇಜ್ 17 ಇದ್ದದ್ದು 13ಕ್ಕೆ ಇಳಿಯಿತು.

ಇನ್ನು ನೀರಿನ ಕಥೆ. ನಾನೂ ಬೋರ್‌ವೆಲ್ ನೀರೇ ಹಾಕುತ್ತಿದ್ದೆ. ರೇಡಿಯೇಟರ್ ಒಳಗೆ ಬಿಳಿ ಪದರ ಕಟ್ಟಿ ಅರ್ಧ ಕೊಳವೆ ಮುಚ್ಚಿತ್ತು. ಚೋರ್ಲಾ ಘಾಟ್ ಹತ್ತುವಾಗ ಹೋಸ್ ಬಿಟ್ಟು ನೀರೆಲ್ಲ ಸುರಿದುಹೋಯಿತು. ಮುಳ್ಳು ಏರಲೇ ಇಲ್ಲ, ಕೆಳಗೆ ಇಳಿಯಿತು! ಸೆನ್ಸಾರ್ ಸುತ್ತ ನೀರೇ ಇಲ್ಲದಿದ್ದರೆ ಅದು ಏನು ಅಳೆಯುತ್ತದೆ? ಕೂಲ್ ಆಯ್ತು ಅಂದುಕೊಂಡು ಓಡಿಸಿದೆ. ಹೆಡ್ ಗ್ಯಾಸ್ಕೆಟ್ ಹೋಯಿತು, ಹೆಡ್ ಬೆಂಡ್ ಆಯಿತು. ಫೇಸಿಂಗ್, ಗ್ಯಾಸ್ಕೆಟ್ ಕಿಟ್, ಆಯಿಲ್, ರೇಡಿಯೇಟರ್, ಮಜೂರಿ ಎಲ್ಲಾ ಸೇರಿ 38,400. ಟೋಯಿಂಗ್ ಬೇರೆ 4,500. ಗಾಡಿ ಹದಿನೇಳು ದಿನ ಗ್ಯಾರೇಜಿನಲ್ಲಿ.

ನವನಗರ: ನಿಮ್ಮ ಹೋಸ್ ಹರಿದದ್ದಕ್ಕೂ ನನ್ನ ಥರ್ಮೋಸ್ಟ್ಯಾಟಿಗೂ ಏನು ಸಂಬಂಧ? ಬೆಳಗಾವಿ ಹವೆಯಲ್ಲಿ ಕೂತವರಿಗೆ ನಮ್ಮ ಬಿಸಿಲು ಗೊತ್ತಾ?

ಟಿಳಕವಾಡಿ: ಬಿಸಿಲಿಗೆ ರೇಡಿಯೇಟರ್ ಇದೆ, ಫ್ಯಾನ್ ಇದೆ. ರೇಡಿಯೇಟರಿಗೆ ಬೋರ್ ನೀರು ಹಾಕಿ ಅಂತ ಇನ್ನೊಬ್ಬರಿಗೆ ಹೇಳಬೇಡಿ, ಅಷ್ಟೇ.

ಜಮಖಂಡಿ: ಜಗಳ ಬಿಡಿ, ಇಲಿ ನೋಡಿದ್ದೀರಾ? ನಮ್ಮ ಮನೆ ಕಬ್ಬಿನ ಹೊಲದ ಪಕ್ಕ. ಕಟಾವು ಶುರುವಾದರೆ ಇಲಿಗಳೆಲ್ಲ ಬಾನೆಟ್ ಒಳಗೆ. ಹೋದ ಡಿಸೆಂಬರ್‌ನಲ್ಲಿ ಎಬಿಎಸ್ ಲೈಟ್, ಚೆಕ್ ಎಂಜಿನ್ ಲೈಟ್ ಎರಡೂ ಬಂದವು. ಶೋರೂಮಿನಲ್ಲಿ ಇಡೀ ವೈರಿಂಗ್ ಹಾರ್ನೆಸ್ ಬದಲಿಸಿ ಅಂತ 52,000 ಎಸ್ಟಿಮೇಟ್ ಕೊಟ್ಟರು. ಹೊರಗಿನ ಹುಡುಗ ಕಡಿದ ನಾಲ್ಕು ವೈರ್ ಹುಡುಕಿ, ಬೆಸುಗೆ ಹಾಕಿ, ಟೇಪ್ ಸುತ್ತಿ 1,800ಕ್ಕೆ ಮುಗಿಸಿದ. ಈಗ ದಿನಾ ರಾತ್ರಿ ಬಾನೆಟ್ ಎತ್ತಿ ಇಡುತ್ತೇನೆ, ಹೊಗೆಸೊಪ್ಪಿನ ಕಟ್ಟು, ನುಸಿಗುಳಿಗೆ ಎರಡೂ ಇಡುತ್ತೇನೆ.

ಇಂಡಿ ರೋಡ್: ನುಸಿಗುಳಿಗೆ ವಾಸನೆ ಏಸಿಯಿಂದ ಒಳಗೆ ಬರುತ್ತದೆ ಅಣ್ಣಾ. ನನ್ನ ಮಗಳಿಗೆ ಒಂದು ತಿಂಗಳು ತಲೆನೋವು ಇತ್ತು. ದಯವಿಟ್ಟು ತೆಗೆಯಿರಿ.

ಜಮಖಂಡಿ: 52,000 ಎಸ್ಟಿಮೇಟ್ ಕೈಗೆ ಬಂದಾಗ ನನಗೂ ತಲೆನೋವು ಬಂದಿತ್ತು. ಹೊಲದ ಪಕ್ಕ ಇದ್ದು ನೋಡಿ, ಆಮೇಲೆ ಹೇಳಿ.

ವಿಜಯಪುರದಿಂದ ಕೇಳಿದವರು: ಇವತ್ತು ಮಲ್ಟಿಮೀಟರ್ ತಂದು ನೋಡಿದೆ. ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್ ಹಾಕಿ, ಬ್ಯಾಟರಿ ಮೈನಸ್‌ಗೂ ಎಂಜಿನ್ ಬ್ಲಾಕಿಗೂ ನಡುವೆ ಹಿಡಿದರೆ 0.9 ವೋಲ್ಟ್ ತೋರಿಸಿತು. ಅಷ್ಟು ಇರಬಾರದಂತೆ. ಬೋಲ್ಟ್ ಹಸಿರು ಜಂಗು ಹಿಡಿದಿತ್ತು, ಎಮರಿ ಪೇಪರಿನಿಂದ ಉಜ್ಜಿದೆ. ಈಗ 0.1. ಎರಡೂ ಮುಳ್ಳು ಜಾಗದಲ್ಲಿ ನಿಂತಿವೆ. ಆದರೆ ಏಸಿ ಹಾಕಿದರೆ ಬ್ಯಾಟರಿ ಲೈಟು ಇನ್ನೂ ಮಿಣುಕುತ್ತದೆ, ಚಾರ್ಜಿಂಗ್ 13.1 ವೋಲ್ಟ್ ಮಾತ್ರ ಇದೆ.

ಇಂಡಿ ರೋಡ್: 14ರ ಹತ್ತಿರ ಇರಬೇಕು ಸರ್. ಬೆಲ್ಟ್ ಸಡಿಲ ಇದೆಯಾ ನೋಡಿ, ಇಲ್ಲದಿದ್ದರೆ ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್) ಬ್ರಷ್ ಸವೆದಿರುತ್ತದೆ. ನನಗೆ ಬ್ರಷ್ 250, ಬೇರಿಂಗ್ 400, ಮಜೂರಿ 600 ಆಗಿತ್ತು. ಹೊಸ ಡೈನಮೋ ಹಾಕಿ ಅಂದರೆ ಒಪ್ಪಬೇಡಿ.

ನವನಗರ: ಬ್ರಷ್ ಹಾಕಿಸಿದರೆ ಆರು ತಿಂಗಳು ಬರಲ್ಲ. ನಾನು ಹೊಸದೇ ಹಾಕಿಸಿದ್ದು, 7,200.

ಟಿಳಕವಾಡಿ: ಥರ್ಮೋಸ್ಟ್ಯಾಟಿಗೆ ದುಡ್ಡಿಲ್ಲ, ಡೈನಮೋಗೆ 7,200 ಇದೆಯಾ?